ಪಾನಗೋಷ್ಠಿಯಿಂದ ಕಾಫಿಯ ಮಂದಿರಕ್ಕೆ: ವಿಶ್ವೇಶ್ವರಪುರದ ಆಸುಪಾಸಿನಲ್ಲಿ ಪತ್ರಿಕಾಕರ್ತರ ಕೂಟಗಳು

ಮದ್ಯವನ್ನು ಮಾರುವ ಸ್ಥಳಕ್ಕೆ ಅಮರಕೋಶವು ಶುಂಡಾಪಾನ, ಮದಸ್ಥಾನ ಎಂಬ ಹೆಸರುಗಳನ್ನು ಕೊಟ್ಟಿದೆ. ನಾಲ್ಕು ಜನ ಒಟ್ಟಿಗೆ ಕುಳಿತು ಕುಡಿಯುವುದಕ್ಕೆ ಆಪಾನವೆಂದೂ ಪಾನಗೋಷ್ಠಿಯೆಂದೂ ಹೆಸರು. ಈ ಕಡೆಯ ಮಾತಿನಲ್ಲಿ ಪಾನಕ್ಕಿಂತ ಗೋಷ್ಠಿಗೇ ತೂಕ ಹೆಚ್ಚು. ಗೋಷ್ಠವೆಂದರೆ ಮೊದಲು ಹಸುಗಳು ಬಂದು ನಿಲ್ಲುವ ಕೊಟ್ಟಿಗೆ. ಸಂಜೆಯಾಯಿತೆಂದರೆ ಹೇಳಿಕಳುಹಿಸದೆಯೇ ದನಗಳು ಅಲ್ಲಿಗೆ ಹಿಂದಿರುಗುತ್ತವೆ. ಹಾಗೆಯೇ ಕರೆಯದೆ ಬಂದು ಸೇರುವ ಮನುಷ್ಯರ ಕೂಟಕ್ಕೂ ಅದೇ ಹೆಸರು ಬಂದುದು ಎಷ್ಟು ಉಚಿತವೆಂಬುದನ್ನು ಊರಿನ ಯಾವುದಾದರೂ ಹಳೆಯ ಹೋಟೆಲಿನ ಮುಂದೆ ಸಾಯಂಕಾಲ ಐದು ಗಂಟೆಗೆ ನಿಂತು ನೋಡಿದವರು ಬಲ್ಲರು.

ಇಂಥ ಸ್ಥಳಗಳಲ್ಲಿ ದ್ರವಪದಾರ್ಥದಷ್ಟೇ ವಾರ್ತೆಯೂ ಹರಿಯುತ್ತದೆಂಬುದನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಅಚ್ಚುಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ವಿಷಯವಾಗಿಯೇ ಒಂದು ಅಧ್ಯಾಯವುಂಟು. ಪಾನಾಗಾರಗಳಿಗೆ ಅನೇಕ ಕೋಣೆಗಳಿರಬೇಕು. ಹಾಸುಗೆ ಆಸನಗಳು ಬೇರೆಬೇರೆಯಾಗಿರಬೇಕು. ಗಂಧ ಮಾಲೆ ನೀರುಗಳ ಅನುಕೂಲವಿರಬೇಕು. ಎಲ್ಲ ಋತುಗಳಲ್ಲಿಯೂ ಸುಖವಾಗಿರಬೇಕು ಎಂದು ವಿಧಿಸಿದ ಮೇಲೆ ಆ ಗ್ರಂಥಕರ್ತನು ಅಲ್ಲಿ ಗೂಢಚಾರರನ್ನು ಇಡತಕ್ಕದ್ದೆಂದೂ ಹೇಳುತ್ತಾನೆ. ಯಾರು ತಮ್ಮ ಶಕ್ತಿಗೆ ಮೀರಿ ಖರ್ಚು ಮಾಡುತ್ತಾರೆ, ಊರಿಗೆ ಹೊಸಬರು ಯಾರು ಬಂದಿದ್ದಾರೆ ಎಂಬುದನ್ನು ಅವರು ತಿಳಿದುಕೊಳ್ಳಬೇಕಂತೆ. ಕೌಟಿಲ್ಯನ ಕಾಲದಲ್ಲಿ ವೃತ್ತಪತ್ರಿಕೆಗಳಿರಲಿಲ್ಲ. ಇದ್ದಿದ್ದರೆ ಆ ಗೂಢಚಾರನ ಪಕ್ಕದ ಪೀಠದಲ್ಲಿಯೇ ಒಬ್ಬ ವರದಿಗಾರನೂ ಕುಳಿತಿರುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಇಬ್ಬರ ಕೆಲಸವೂ ಕಿವಿಯಿಂದಲೇ ಆರಂಭವಾಗತಕ್ಕದ್ದು. ಒಬ್ಬನು ಕೇಳಿದ್ದನ್ನು ಅರಸನೊಬ್ಬನಿಗೆ ಹೇಳುತ್ತಾನೆ. ಇನ್ನೊಬ್ಬನು ಎಲ್ಲರಿಗೂ ಹೇಳುತ್ತಾನೆ. ವ್ಯತ್ಯಾಸ ಅಷ್ಟೇ, ಆದರೆ ಆ ವ್ಯತ್ಯಾಸವು ಅಲ್ಪವಾದುದಲ್ಲ.

ಲಂಡನ್ ನಗರದಲ್ಲಿ ಪತ್ರಿಕೆಗಳ ಬೀದಿಯೆಂದು ಹೆಸರಾದ ಫ್ಲೀಟ್ ಸ್ಟ್ರೀಟಿನ ಇತಿಹಾಸವು ಅಲ್ಲಿಯ ಪಾನಗೃಹಗಳ ಇತಿಹಾಸದೊಡನೆ ಹೆಣೆದುಕೊಂಡಿದೆ. 1666ರ ಮಹಾಗ್ನಿಯ ಮರುವರ್ಷವೇ ಪುನಃ ಕಟ್ಟಲ್ಪಟ್ಟ ಚೆಷೈರ್ ಚೀಸ್ ಎಂಬ ಪಾನಗೃಹದಲ್ಲಿ ಪತ್ರಿಕೋದ್ಯೋಗಿಗಳು ತಲೆಮಾರುಗಳ ಕಾಲ ಕುಳಿತೆದ್ದರು. ಆದರೆ ಅದೇ ಊರಿನಲ್ಲಿ ಕಾಫಿಯ ಮನೆಗಳು ಮಾಡಿದ ಕೆಲಸ ಇನ್ನೂ ದೊಡ್ಡದು. 1675ರ ಡಿಸೆಂಬರಿನಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಕಾಫಿಯ ಮನೆಗಳನ್ನೆಲ್ಲ ಮುಚ್ಚತಕ್ಕದ್ದೆಂದು ಘೋಷಣೆ ಹೊರಡಿಸಿದನು. ಅಲ್ಲಿ ಸರ್ಕಾರದ ಮೇಲೆ ಸುಳ್ಳು ಸುದ್ದಿ ಹುಟ್ಟುತ್ತದೆಂಬುದು ಅವನು ಕೊಟ್ಟ ಕಾರಣ. ಜನರ ಕೋಪವನ್ನು ಕಂಡು ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 1709ರಲ್ಲಿ ಸ್ಟೀಲನು ಟ್ಯಾಟ್ಲರ್ ಪತ್ರಿಕೆಯನ್ನು ಹೊರಡಿಸಿದಾಗ ಕಾವ್ಯದ ವಿಚಾರವು ವಿಲ್ಸ್ ಕಾಫಿ ಮನೆಯಿಂದಲೂ, ವಿದ್ವತ್ತಿನದು ಗ್ರೀಷಿಯನ್ ಕಾಫಿ ಮನೆಯಿಂದಲೂ, ದೇಶವಿದೇಶಗಳ ವಾರ್ತೆಯು ಸೇಂಟ್ ಜೇಮ್ಸ್ ಕಾಫಿ ಮನೆಯಿಂದಲೂ ಬರುವುದೆಂದು ಮೊದಲ ಸಂಚಿಕೆಯಲ್ಲಿಯೇ ತಿಳಿಸಿದನು. ಪತ್ರಿಕೆಗೆ ಕಚೇರಿಯೇ ಬೇಕಾಗಿರಲಿಲ್ಲ. ಊರಿನ ಕಾಫಿ ಮನೆಗಳೇ ಅದರ ಇಲಾಖೆಗಳಾಗಿದ್ದವು.

ಈ ಪೀಠಿಕೆ ಸಾಕು. ಬೆಂಗಳೂರಿನ ವಿಷಯಕ್ಕೆ ಬಂದರೆ ಒಂದು ಸಂಗತಿ ಮೊದಲು ಕಣ್ಣಿಗೆ ಬೀಳುತ್ತದೆ. ಕೋಟೆಯ ದಕ್ಷಿಣಕ್ಕೆ ವಿಶ್ವೇಶ್ವರಪುರ, ಶಂಕರಪುರ, ಬಸವನಗುಡಿ, ಮಾವಳ್ಳಿ, ಪಶ್ಚಿಮಕ್ಕೆ ಚಾಮರಾಜಪೇಟೆ ಇಷ್ಟು ಪ್ರದೇಶದಲ್ಲಿ ಕನ್ನಡ ಪತ್ರಿಕಾರಂಗದ ದೊಡ್ಡವರಲ್ಲಿ ಅನೇಕರು ಬಾಳಿ ಬದುಕಿದರು. ಆದರೆ ಅವರ ಕೂಟಸ್ಥಾನವೆಂದು ಜ್ಞಾಪಿಸಿಕೊಳ್ಳತಕ್ಕ ಪಾನಗೃಹ ಅಲ್ಲಿ ಒಂದೂ ಇಲ್ಲ. ಫ್ಲೀಟ್ ಸ್ಟ್ರೀಟಿನವರಿಗೆ ಪಾನಗೃಹ ಏನಾಗಿದ್ದಿತೋ ಅದು ಇಲ್ಲಿಯವರಿಗೆ ಕಾಫಿಯ ಹೋಟೆಲಾಯಿತು. ಇದರಿಂದ ಪತ್ರಿಕೆಗಳಿಗೆ ಲಾಭವೂ ಆಯಿತು, ನಷ್ಟವೂ ಆಯಿತು. ಲಾಭವನ್ನು ಹೇಳುವವರು ಬಹಳ ಮಂದಿ ಉಂಟು. ನಷ್ಟದ ಲೆಕ್ಕವನ್ನು ತೆಗೆದವರು ಕಡಿಮೆ.

ಈ ಬಡಾವಣೆಗಳು ಹುಟ್ಟಿದ ಬಗೆಯನ್ನು ನೋಡಿದರೆ ಪಾನಗೃಹಕ್ಕೆ ಎಡೆಯಿಲ್ಲದೆ ಹೋದುದು ಏಕೆಂದು ತಿಳಿಯುತ್ತದೆ. ಚಾಮರಾಜಪೇಟೆ 1892ರಲ್ಲಿ ಏರ್ಪಟ್ಟಿತು. 1898ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕು ಸಾವಿರಾರು ಜನರನ್ನು ತಿಂದಾಗ ಗಾಳಿ ಬೆಳಕುಗಳಿರುವ ಹೊಸ ಮನೆಗಳಿಗಾಗಿ ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ನಿರ್ಮಿಸಿದರು. ಅನಂತರ 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಿಂದ ವಿಶ್ವೇಶ್ವರಪುರವಾಯಿತು. ಹೀಗೆ ರೋಗಭಯದಿಂದಲೂ ಸುಧಾರಣೆಯ ಆಸೆಯಿಂದಲೂ ಹುಟ್ಟಿದ ಈ ಬಡಾವಣೆಗಳಲ್ಲಿ ಗುಮಾಸ್ತರು, ಉಪಾಧ್ಯಾಯರು, ವಕೀಲರು, ವಿಶ್ರಾಂತಿ ವೇತನದ ಅಧಿಕಾರಿಗಳು ಮನೆ ಮಾಡಿದರು. ದೇವಸ್ಥಾನ, ಛತ್ರ, ಪಾಠಶಾಲೆಗಳು ಎದ್ದವು. ಹೆಂಡದ ಗಡಂಗು ಇಂಥವರ ಬೀದಿಗೆ ಬರುವಂತಿರಲಿಲ್ಲ. ಅದು ಪೇಟೆಯ ಅಂಚಿನಲ್ಲಿ, ಕೂಲಿಯವರ ದಾರಿಯಲ್ಲಿ ಉಳಿಯಿತು. ಸೀಮೆಯ ಮದ್ಯಗಳನ್ನು ಮೇಜಿನ ಮೇಲಿಟ್ಟು ಕೊಡುವ ಮಂದಿರಗಳು ಇಂಗ್ಲಿಷರ ಆಡಳಿತಕ್ಕೆ ಸೇರಿದ ದಂಡಿನ ಪ್ರದೇಶದಲ್ಲಿದ್ದವು. ನಗರ ಮತ್ತು ದಂಡು ಎಂಬ ಎರಡು ಊರುಗಳು 1949ರಲ್ಲಿ ಒಂದೇ ಪೌರಸಂಸ್ಥೆಯ ಕೆಳಗೆ ಬರುವವರೆಗೂ ಬಸವನಗುಡಿಯ ಗೃಹಸ್ಥನಿಗೆ ದಂಡೆಂದರೆ ಒಂದು ಬಗೆಯ ವಿದೇಶವೇ ಆಗಿದ್ದಿತು.

ಪತ್ರಿಕಾಕರ್ತರ ಸ್ಥಿತಿಯಾದರೂ ಆಗ ಹೇಗಿದ್ದಿತು? ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಒಂದು ವೃತ್ತಪತ್ರಿಕಾ ಕಾನೂನು ಜಾರಿಗೆ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆಯನ್ನು ನಡೆಸಕೂಡದು. ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಸರ್ಕಾರದ ಇಷ್ಟ. ತಾತಯ್ಯನವರೆಂದು ಪ್ರಖ್ಯಾತರಾದ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅಂದಿನಿಂದ ಬಹುಕಾಲ ಸಂಸ್ಥಾನದ ಸಂಪಾದಕರು ಒಂದು ಕಣ್ಣನ್ನು ಲೇಖನಿಯ ಮೇಲೂ ಒಂದು ಕಣ್ಣನ್ನು ಬಾಗಿಲಿನ ಮೇಲೂ ಇಟ್ಟುಕೊಂಡು ಬರೆಯಬೇಕಾಗಿದ್ದಿತು. ಅಚ್ಚಿನಲ್ಲಿ ಹೇಳಲಾಗದ ಮಾತು ಇಂಥ ಕಾಲದಲ್ಲಿ ಎಲ್ಲಿಗೆ ಹೋಗಬೇಕು? ಅದು ಜಗಲಿಗಳಿಗೂ ಕಾಫಿಯ ಮೇಜುಗಳಿಗೂ ಹೋಯಿತು.

ಕೆಲಸದ ರೀತಿಯೂ ಇದಕ್ಕೆ ಕಾರಣವಾಗಿದ್ದಿತು. ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಸಂಪಾದಕನು ತನ್ನ ಬರಹವನ್ನು ಮೊಳೆ ಜೋಡಿಸುವವನ ಕೈಗೆ ಕೊಟ್ಟ ಮೇಲೆ ಕರಡಚ್ಚು ಬರುವವರೆಗೆ ಕೈ ಕಟ್ಟಿಕೊಂಡು ಕುಳಿತಿರಬೇಕು. ಕನ್ನಡದ ಒತ್ತಕ್ಷರಗಳ ತೊಡಕಿನಿಂದ ಆ ಬಿಡುವು ಇನ್ನಷ್ಟು ದೀರ್ಘವಾಗುತ್ತಿದ್ದಿತು. ಆ ಒಂದೆರಡು ಗಂಟೆ ಮನೆಗೆ ಹೋಗಿ ಬರುವಷ್ಟು ಹೆಚ್ಚೂ ಅಲ್ಲ, ಕಚೇರಿಯಲ್ಲಿ ಸುಮ್ಮನೆ ಕಳೆಯುವಷ್ಟು ಕಡಿಮೆಯೂ ಅಲ್ಲ. ಹೋಟೆಲಿಗೆ ಮಾತ್ರ ಹೇಳಿ ಮಾಡಿಸಿದ ಕಾಲ. ಪತ್ರಿಕೋದ್ಯೋಗಿಯ ಜೇಬಿನ ವಿಷಯ ಎಲ್ಲರೂ ಬಲ್ಲದ್ದು. ಅಂಥ ಜೇಬಿಗಾಗಿಯೇ ಬೆಂಗಳೂರು ಒಂದು ಉಪಾಯವನ್ನು ಕಂಡುಹಿಡಿಯಿತು: ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿಸಿಕೊಳ್ಳುವ ‘ಬೈಟು’. ಹಣವನ್ನು ಅರ್ಧ ಮಾಡಿ ಮಾತನ್ನು ಇಮ್ಮಡಿ ಮಾಡುವ ಈ ಪದ್ಧತಿಯನ್ನು ಕಂಡುಹಿಡಿದವನ ಹೆಸರು ಉಳಿಯಲಿಲ್ಲವೆಂಬುದು ವ್ಯಸನದ ಸಂಗತಿ.

ವಿಶ್ವೇಶ್ವರಪುರಕ್ಕೆ ಹೊಂದಿಕೊಂಡಂತೆ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ 1924ರಲ್ಲಿ ದಕ್ಷಿಣ ಕನ್ನಡದಿಂದ ಬಂದ ಪರಮೇಶ್ವರ ಮಯ್ಯರೂ ಅವರ ಸೋದರರೂ ಒಂದು ಫಲಾಹಾರ ಮಂದಿರವನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು, ಅಕ್ಷರಗಳನ್ನು ಮಾತ್ರ ಹಿಡಿದು ಎಂ.ಟಿ.ಆರ್. ಎಂದು, ದೇಶವಿದೇಶಗಳಲ್ಲಿ ಹೆಸರಾದುದು. ಲಾಲ್‌ಬಾಗಿನ ತೋಟದಲ್ಲಿ ಬೆಳಗಿನ ಗಾಳಿಯನ್ನು ಸೇವಿಸಿ ಬಂದವರು ಅಲ್ಲಿಗೆ ಹೋಗಿ ಬೆಳ್ಳಿಯ ಲೋಟದಲ್ಲಿ ಕಾಫಿಯನ್ನು ಕುಡಿಯುವುದು ಊರಿನ ಸಂಪ್ರದಾಯಗಳಲ್ಲಿ ಒಂದಾಯಿತು. ಸೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ಶುಚಿತ್ವವನ್ನು ಕಂಡು ಬಂದು, ಪಾತ್ರೆಗಳ ಶುದ್ಧಿಯಿಂದ ಹಿಡಿದು ಅಡಿಗೆಯ ಮನೆಯ ವ್ಯವಸ್ಥೆಯವರೆಗೆ ಎಲ್ಲವನ್ನೂ ತಿದ್ದಿದರು. 1960ರಲ್ಲಿ ಮಂದಿರವು ಈಗಿನ ಕಟ್ಟಡಕ್ಕೆ ಬಂದಿತು.

ಆದರೆ 1924ರಲ್ಲಿ ಅದಕ್ಕೆ ಇಟ್ಟ ಹೆಸರು ಬೇರೆ. ಆಗ ಅದು ಬ್ರಾಹ್ಮಣರ ಕಾಫಿ ಕ್ಲಬ್. ಆ ಹೆಸರು ಒಂದು ಹೋಟೆಲಿನ ವಿಶೇಷವಲ್ಲ. ಆ ಕಾಲದ ಊರೂರುಗಳಲ್ಲಿ ಅಂಥ ಹಲಗೆಗಳು ತೂಗುತ್ತಿದ್ದವು. ಅಡಿಗೆಯವನು ಯಾರೆಂಬುದನ್ನು ಹೇಳಿ ಮಡಿವಂತರ ಸಂದೇಹವನ್ನು ನಿವಾರಿಸುವುದು ಅದರ ಒಂದು ಪ್ರಯೋಜನ. ಅದಿಲ್ಲದಿದ್ದರೆ ಮನೆಯ ಹೊರಗೆ ಉಣ್ಣುವುದೇ ದೋಷವೆಂದು ನಂಬಿದ್ದ ಒಂದು ತಲೆಮಾರು ಹೋಟೆಲಿನ ಮೆಟ್ಟಿಲನ್ನು ಹತ್ತುತ್ತಿರಲಿಲ್ಲ. ಈ ಮಟ್ಟಿಗೆ ಆ ಹಲಗೆಯು ಹಳೆಯ ಕಟ್ಟನ್ನು ಸಡಿಲಿಸಿತೆಂದೇ ಹೇಳಬೇಕು. ಆದರೆ ಒಳಗೆ ಬರಬಹುದೆಂದು ಕೆಲವರಿಗೆ ಹೇಳುವ ಹಲಗೆಯು ಬರಬಾರದೆಂದು ಉಳಿದವರಿಗೆ ಹೇಳದೆಯೇ ಹೇಳುತ್ತದೆ. ಹೋಟೆಲುಗಳಲ್ಲಿ ಜಾತಿಗಳಿಗೆ ತಕ್ಕಂತೆ ಪ್ರತ್ಯೇಕ ಸ್ಥಳ, ಪ್ರತ್ಯೇಕ ಲೋಟ, ಕೆಲವರಿಗೆ ಬಾಗಿಲಿನ ಹೊರಗೆ ನಿಂತು ಎತ್ತಿ ಹುಯ್ಯಿಸಿಕೊಂಡು ಕುಡಿಯುವ ಗತಿ ಇವು ದಕ್ಷಿಣ ದೇಶದ ಊರುಗಳಲ್ಲಿ ನಡೆದ ಸಂಗತಿಗಳು. ಹೆಂಗಸರಂತೂ ಹೋಟೆಲಿನ ಗೋಷ್ಠಿಗೆ ಸೇರಿದವರೇ ಅಲ್ಲ. ಅವರು ಬಂದರೆ ಪರದೆಯ ಹಿಂದಿನ ‘ಫ್ಯಾಮಿಲಿ ರೂಮು’. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ಜಾತಿಯ ಕಾರಣದಿಂದ ಯಾರಿಗೂ ತಡೆಯಕೂಡದೆಂದು ಹೆಸರು ಹಿಡಿದು ಹೇಳಬೇಕಾಗಿ ಬಂದಿತೆಂಬುದನ್ನು ನೆನೆದರೆ ಒಂದು ಕಾಫಿಯ ಲೋಟಕ್ಕೆ ಎಷ್ಟು ಭಾರವಿದ್ದಿತೆಂಬುದು ತಿಳಿಯುತ್ತದೆ. ರಾಷ್ಟ್ರದ ಪರಮಶಾಸನದಲ್ಲಿ ಹೋಟೆಲಿಗೆ ಸ್ಥಾನ ದೊರೆತುದು ಗೌರವಕ್ಕಾಗಿ ಅಲ್ಲ.

ಗಡಂಗಿನಲ್ಲಿ ಈ ಭೇದ ಹೀಗೆ ನಿಲ್ಲುತ್ತಿರಲಿಲ್ಲ. ಅಲ್ಲಿಗೆ ಕೂಲಿಯವನು, ಗಾಡಿ ಹೊಡೆಯುವವನು, ಕಲ್ಲು ಒಡೆಯುವವನು ಬರುತ್ತಿದ್ದರು. ಫ್ಲೀಟ್ ಸ್ಟ್ರೀಟಿನ ಪಾನಗೃಹದಲ್ಲಿ ಸಂಪಾದಕನೂ ಅಚ್ಚಿನ ಯಂತ್ರವನ್ನು ತಿರುಗಿಸುವವನೂ ಒಂದೇ ಕಟ್ಟೆಗೆ ಮೊಳಕೈ ಊರಿ ನಿಲ್ಲಬಹುದಾಗಿದ್ದಿತು. ಬೆಂಗಳೂರಿನ ಸಂಪಾದಕನು ಕಾಫಿ ಕ್ಲಬ್ಬಿನಲ್ಲಿ ಕೇಳುತ್ತಿದ್ದುದು ವಕೀಲನ ಮಾತು, ಉಪಾಧ್ಯಾಯನ ಮಾತು, ಪ್ರಜಾಪ್ರತಿನಿಧಿ ಸಭೆಯ ಸದಸ್ಯನ ಮಾತು. ಜವಾಬ್ದಾರಿ ಸರ್ಕಾರ, ವಿದ್ಯಾಭ್ಯಾಸ, ಉದ್ಯೋಗಗಳ ಹಂಚಿಕೆ ಇವುಗಳ ವಿಷಯವಾಗಿ ಆ ಕಾಲದ ಪತ್ರಿಕೆಗಳು ಬರೆದುದು ಬಹಳ. ಕೊಟ್ಟಿಗೆಯ, ಕಲ್ಲುಗಣಿಯ, ಕೇರಿಯ ವಿಷಯವಾಗಿ ಬರೆದುದು ಅದಕ್ಕೆ ಹೋಲಿಸಿದರೆ ಅತ್ಯಲ್ಪ. ಇದಕ್ಕೆ ಕಾಫಿಯೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಕಿವಿ ಇರುವ ಕಡೆಯ ಮಾತೇ ಕಾಗದಕ್ಕೆ ಬರುತ್ತದೆಂಬುದು ಸುಳ್ಳಲ್ಲ.

ಗಡಂಗಿನ ಮಾತನ್ನು ಕನ್ನಡದಲ್ಲಿ ಕೇಳಿಸಿದವರು ಪತ್ರಿಕೆಯವರಲ್ಲ, ಒಬ್ಬ ಕವಿಗಳು. ಜಿ. ಪಿ. ರಾಜರತ್ನಂ ಅವರು 1930ರ ದಶಕದಲ್ಲಿ ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿ ಅವನ ಬಾಯಿಯಿಂದ ‘ರತ್ನನ ಪದಗಳ’ನ್ನು ಹಾಡಿಸಿದಾಗ ಶಿಷ್ಟರ ಕನ್ನಡವನ್ನೇ ಕನ್ನಡವೆಂದುಕೊಂಡಿದ್ದ ಮನೆಗಳಲ್ಲಿ ಬೆರಗು ಉಂಟಾಯಿತು. ರಾಜರತ್ನಂ ಅವರು ಸ್ವತಃ ಮದ್ಯವನ್ನು ಮುಟ್ಟಿದವರಲ್ಲ. ಕನ್ನಡವನ್ನು ಬೋಧಿಸಿ ಬಾಳಿದ ಶುದ್ಧಾಚಾರದ ಪಂಡಿತರು. ಮುಟ್ಟದೆಯೇ ಅವರು ಕೇಳಿಸಿಕೊಂಡರು. ಆ ಕೇಳಿಸಿಕೊಳ್ಳುವಿಕೆಯು ಆಗಿನ ಯಾವ ವರದಿಗಾರನಿಗೂ ಸಾಧ್ಯವಾಗಲಿಲ್ಲವೆಂಬುದು ವಿಚಾರಮಾಡತಕ್ಕದ್ದು.

ಇನ್ನು ಕಾಫಿಯ ಲಾಭದ ಕಡೆಗೆ ನೋಡಬೇಕು. ಬಸವನಗುಡಿಯ ನಾಗಸಂದ್ರ ರಸ್ತೆಯಲ್ಲಿ ಬಹುಕಾಲ ವಾಸವಾಗಿದ್ದ ಡಿ. ವಿ. ಗುಂಡಪ್ಪನವರನ್ನು ಜನರು ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ನೆನೆಯುತ್ತಾರೆ. ಅವರ ಕಸುಬಾದರೋ ಪತ್ರಿಕೆಯದು. ಇಪ್ಪತ್ತು ವಯಸ್ಸು ತುಂಬಿದ ಕಾಲದಿಂದಲೇ ಪತ್ರಿಕೆಗಳನ್ನು ನಡೆಸಿ, ಮುಂದೆ ಇಂಗ್ಲಿಷಿನಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಹೊರಡಿಸಿ, 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕದ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ‘ವೃತ್ತಪತ್ರಿಕೆ’ ಎಂಬ ಅವರ ಗ್ರಂಥವು ಆ ವಿಷಯದಲ್ಲಿ ಕನ್ನಡದ ಮೊದಲ ಕೃತಿಗಳಲ್ಲಿ ಒಂದು. 1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ನೋಡುವುದಕ್ಕೆ ಪುಸ್ತಕ ಭಂಡಾರ ಮತ್ತು ಉಪನ್ಯಾಸ ಮಂದಿರ. ಅದರ ಒಳತಿರುಳು ಮಾತ್ರ ಗೋಷ್ಠಿಯೇ. 1970ರಲ್ಲಿ ಸಾರ್ವಜನಿಕರು ಸನ್ಮಾನಮಾಡಿ ಅರ್ಪಿಸಿದ ಹಣವನ್ನು ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದ್ದರು. ‘ಜೀವನ’ ಪತ್ರಿಕೆಯನ್ನು ಇಪ್ಪತ್ತು ವರ್ಷಗಳಿಗೂ ಮಿಕ್ಕು ನಡೆಸಿದ ಅವರು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟಾಡಿ ಹಿಂದಿರುಗುವುದನ್ನು ಮುಪ್ಪಿನಲ್ಲಿಯೂ ಬಿಡಲಿಲ್ಲ.

ಇಂಥವರ ನೆರೆಯಲ್ಲಿ, ಗಾಂಧಿ ಬಜಾರಿನಲ್ಲಿ, 1943ರಲ್ಲಿ ವಿದ್ಯಾರ್ಥಿ ಭವನವೆಂಬ ಹೋಟೆಲು ಆರಂಭವಾಯಿತು. ತೆರೆದವರು ಸಾಲಿಗ್ರಾಮದ ಕಡೆಯ ವೆಂಕಟರಮಣ ಉರಾಳರು. ಸುತ್ತಲೂ ಶಾಲೆಗಳು; ಬರುವವರು ಹೆಚ್ಚಾಗಿ ಹುಡುಗರು; ಆದುದರಿಂದ ಆ ಹೆಸರು. ಇಲ್ಲಿಯ ಹಲಗೆಯಲ್ಲಿ ಜಾತಿಯ ಮಾತಿಲ್ಲದೆ ವಿದ್ಯೆಯ ಮಾತು ಬಂದಿತೆಂಬುದನ್ನು ಗಮನಿಸಬೇಕು. ಇಪ್ಪತ್ತು ವರ್ಷಗಳಲ್ಲಿ ಊರು ಅಷ್ಟು ದೂರ ನಡೆದಿದ್ದಿತು. ಮುಂದೆ ಅವರ ಸೋದರರು ನಡೆಸಿದರು. 1970ರಲ್ಲಿ ರಾಮಕೃಷ್ಣ ಅಡಿಗರು ಅದನ್ನು ವಹಿಸಿಕೊಂಡರು. ಒಂದು ಉದ್ದನೆಯ ಕೋಣೆ, ಮೇಜಿಗೆ ಮೇಜು ತಾಗುವಂಥ ಇಕ್ಕಟ್ಟು, ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳು, ಮುಂಗೈಯಿಂದ ತೋಳಿನವರೆಗೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿ. ಮಸಾಲೆದೋಸೆಯ ಹೊರಮೈ ಗರಿಗರಿ, ಒಳಮೈ ಮೆತ್ತಗೆ. ಸಾಂಬಾರಿಗೆ ಅಲ್ಲಿ ಸ್ಥಾನವಿಲ್ಲ, ಚಟ್ನಿಯೇ ಎಲ್ಲ. ಶುಕ್ರವಾರ ರಜ. ಶುಕ್ರವಾರವೆಂಬುದನ್ನು ಮರೆತು ಬಂದು ಮುಚ್ಚಿದ ಬಾಗಿಲನ್ನು ನೋಡಿ ನಿಲ್ಲದ ಬಸವನಗುಡಿಯ ನಿವಾಸಿ ವಿರಳ.

ಸಾಹಿತಿಗಳೂ ಪತ್ರಿಕೆಯವರೂ ಅಲ್ಲಿಗೆ ಬಂದುದಕ್ಕೆ ದೋಸೆಯೊಂದೇ ಕಾರಣವಲ್ಲ. ಗಾಂಧಿ ಬಜಾರಿನ ಬೀದಿಯೇ ಒಂದು ಗೋಷ್ಠಿಯಾಗಿದ್ದಿತು. ಹೂವಿನವರು, ಹಣ್ಣಿನವರು, ಗ್ರಂದಿಗೆಯ ಅಂಗಡಿಗಳು, ಪುಸ್ತಕದ ಅಂಗಡಿಗಳು, ನಡುವೆ ಹೋಟೆಲುಗಳು. ಸಂಜೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುವುದರೊಳಗಾಗಿ ಹತ್ತು ಮಂದಿ ಪರಿಚಿತರು ಸಿಕ್ಕುತ್ತಿದ್ದರು. ಕೆ. ಎಸ್. ನಿಸಾರ್ ಅಹಮದರು 1960ರಲ್ಲಿ ಪ್ರಕಟಿಸಿದ ತಮ್ಮ ಪ್ರಥಮ ಕವನ ಸಂಗ್ರಹಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟರು. ಒಂದು ಸಂತೆಬೀದಿಯು ಮನಸ್ಸಿಗೇ ಉಪಮಾನವಾದುದು ಕನ್ನಡದಲ್ಲಿ ಅಪೂರ್ವ.

ದಂಡಿನ ಕಡೆ ನಡೆದ ಕಥೆ ಇದಕ್ಕೆ ವಿಪರೀತವಾದುದು. ವಿಶ್ವೇಶ್ವರಪುರದಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ, ಸೌತ್ ಪೆರೇಡ್ ಎಂದು ಹೆಸರಾಗಿದ್ದು ಗಾಂಧೀಜಿಯವರ ನಿಧನಾನಂತರ ಮಹಾತ್ಮಾ ಗಾಂಧಿ ರಸ್ತೆಯಾದ ಬೀದಿಯಲ್ಲಿ, ಫನೆಲ್ಸ್ ಎಂಬ ಪಾನಭೋಜನ ಮಂದಿರವೊಂದಿದ್ದಿತು. ಅಬಕಾರಿ ಗುತ್ತಿಗೆಯ ವ್ಯವಹಾರದಲ್ಲಿ ಪ್ರವರ್ಧಮಾನಕ್ಕೆ ಬಂದಿದ್ದ ಕೆ. ಎನ್. ಗುರುಸ್ವಾಮಿಯವರು ಆ ಸ್ಥಳವನ್ನು ಕೊಂಡು ಅಲ್ಲಿ ಪತ್ರಿಕೆಯ ಕಚೇರಿಯನ್ನು ಮಾಡಿದರು. 1948ರ ಜೂನ್ 17ರಂದು ‘ಡೆಕ್ಕನ್ ಹೆರಾಲ್ಡ್’ ಹೊರಬಂದಿತು. ಅದೇ ವರ್ಷದ ಅಕ್ಟೋಬರ್ 15ರಂದು ‘ಪ್ರಜಾವಾಣಿ’. ಬೇರೆ ಊರುಗಳಲ್ಲಿ ಪತ್ರಿಕೆಯವರು ಪಾನಗೃಹಕ್ಕೆ ಹೋದರು; ಬೆಂಗಳೂರಿನಲ್ಲಿ ಪಾನಗೃಹವೇ ಪತ್ರಿಕೆಯಾಯಿತು. ಮದ್ಯದ ಲಾಭದಿಂದ ಹುಟ್ಟಿದ ಮನೆ, ಮದ್ಯ ಮಾರಿದ ಕಟ್ಟಡ, ಪಾನನಿಷೇಧವನ್ನು ಜೀವಮಾನವೆಲ್ಲ ಬೋಧಿಸಿದ ಮಹಾತ್ಮರ ಹೆಸರಿನ ಬೀದಿ! ಇದೂ ಸಾಲದೆಂಬಂತೆ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಮೊದಲ ಸಂಪಾದಕರಾಗಿ ಬಂದ ಪೋತನ್ ಜೋಸೆಫ್ ಮಹಾಶಯರು ದೇಶದಲ್ಲೆಲ್ಲ ಪ್ರಸಿದ್ಧರಾಗಿದ್ದುದು ‘ಓವರ್ ಎ ಕಪ್ ಆಫ್ ಟೀ’ ಎಂಬ, ಎಂದರೆ ಒಂದು ಬಟ್ಟಲು ಚಹದ ಮುಂದೆ ಕುಳಿತು ಆಡಿದ ಮಾತುಗಳ, ಅಂಕಣದಿಂದ. ‘ಪ್ರಜಾವಾಣಿ’ಯ ಮೊದಲ ಸಂಪಾದಕರಾದ ಬಿ. ಪುಟ್ಟಸ್ವಾಮಯ್ಯನವರು ನಾಟಕಕರ್ತರು, ಬಸವಣ್ಣನವರ ಕಾಲವನ್ನು ಕುರಿತ ‘ಕ್ರಾಂತಿ ಕಲ್ಯಾಣ’ ಕಾದಂಬರಿಗಾಗಿ 1964ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರು. ಜಾತಿಯ ಹಲಗೆಗಳ ಊರಿನಲ್ಲಿ ಆ ಕಥೆಯನ್ನು ಬರೆಯುವುದಕ್ಕೆ ಪತ್ರಿಕೆಯ ಮನುಷ್ಯನೇ ಬೇಕಾಯಿತು.

ಆ ಭಾಗದಲ್ಲಿ 1950ರ ದಶಕದ ಆರಂಭದಿಂದ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಪೆರೇಡ್ ಕೆಫೆಯು ಪತ್ರಿಕೆಯವರಿಗೆ ಮನೆಯಂತಾಯಿತು. ಅಲ್ಲಿ ಬೆಳಗ್ಗೆ ಕಾಫಿಯೂ ಸಂಜೆ ಮದ್ಯವೂ ಒಂದೇ ಮೇಜಿಗೆ ಬರುತ್ತವೆ. 1957ರಲ್ಲಿ ಕಾಫಿ ಮಂಡಲಿಯು ತನ್ನ ಇಂಡಿಯಾ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಏರ್ಪಟ್ಟುದು ಬೆಂಗಳೂರಿನಲ್ಲಿಯೇ. ಬಡಿಸುವವರೇ ಒಡೆಯರಾದ ಆ ಮಂದಿರದಲ್ಲಿ ಒಂದು ಲೋಟ ಕಾಫಿಯ ಮುಂದೆ ಅರ್ಧ ದಿವಸ ಕುಳಿತರೂ ಯಾರೂ ಏಳಿಸುತ್ತಿರಲಿಲ್ಲ. ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋಯಿತು.

ಮತ್ತೆ ಮಾವಳ್ಳಿಗೆ ಹಿಂದಿರುಗಬೇಕು. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಪತ್ರಿಕೆಗಳಲ್ಲಿ ಏನು ಅಚ್ಚಾಗಬೇಕಾದರೂ ಮೊದಲು ಪರಿಶೀಲಕರ ಒಪ್ಪಿಗೆ ಬೇಕೆಂದಾಯಿತು. 1908ರ ಕಾನೂನನ್ನು ಕಂಡಿದ್ದ ವೃದ್ಧರಿಗೆ ಹಳೆಯ ಪರಿಚಯವೊಂದು ಬಾಗಿಲಿಗೆ ಬಂದಂತಾಗಿರಬೇಕು. ಆ ಕಾಲದಲ್ಲಿಯೇ ಹೋಟೆಲಿನ ತಿಂಡಿಗಳಿಗೂ ಸರ್ಕಾರವು ಬೆಲೆಯನ್ನು ಗೊತ್ತುಮಾಡಿತು. ಆ ಬೆಲೆಗೆ ತಮ್ಮ ಮಟ್ಟದ ಪದಾರ್ಥವನ್ನು ಕೊಡಲು ಸಾಧ್ಯವಿಲ್ಲ. ಮಟ್ಟವನ್ನು ಇಳಿಸಲು ಮನಸ್ಸಿಲ್ಲ. ಮಯ್ಯರು ಗೊತ್ತಾದ ಬೆಲೆಗೇ ಮೊದಲಿನ ತಿಂಡಿಯನ್ನೇ ಕೊಟ್ಟು, ಅಂದಂದು ಆದ ನಷ್ಟದ ಮೊತ್ತವನ್ನು ಒಂದು ಹಲಗೆಯ ಮೇಲೆ ಬರೆದು ಹೊರಗೆ ನಿಲ್ಲಿಸಿದರು. ಬಂದವರು ತಿಂದರು, ಹಲಗೆಯನ್ನು ಓದಿದರು, ಹೋದರು. ಕೆಲವು ದಿನಗಳು ಹೀಗೆ ನಡೆದ ಮೇಲೆ ಹೋಟೆಲಿನ ಬಾಗಿಲನ್ನು ಮುಚ್ಚಿ, ಕೆಲಸದವರನ್ನು ಕೈಬಿಡದೆ ಪಕ್ಕದಲ್ಲಿಯೇ ಹಿಟ್ಟು ಪುಡಿಗಳ ಅಂಗಡಿಯನ್ನು ನಡೆಸಿದರು. ಇಂದು ಪ್ರಪಂಚದ ಅನೇಕ ದೇಶಗಳ ಅಂಗಡಿಗಳಲ್ಲಿ ದೊರೆಯುವ ಆ ಪೊಟ್ಟಣಗಳಿಗೆ ಆಗಲೇ ಬುನಾದಿ ಬಿದ್ದಿತು.

ಪರಿಶೀಲಕರ ಒಪ್ಪಿಗೆಯಿಲ್ಲದೆ ಬೆಂಗಳೂರಿನಲ್ಲಿ ದಿನದಿನವೂ ಪ್ರಕಟವಾಗುತ್ತಿದ್ದ ವಾರ್ತೆಯೆಂದರೆ ಬಹುಶಃ ಆ ಹಲಗೆಯೊಂದೇ. ಹಿಂದೆ ಯಾರು ಒಳಗೆ ಬರಬಹುದೆಂದು ಹೇಳುತ್ತಿದ್ದ ಹಲಗೆಯಿದ್ದ ಮನೆಯೇ ಅದು. ಐವತ್ತು ವರ್ಷಗಳಲ್ಲಿ ಆ ಮನೆಯ ಹಲಗೆಗೆ ಓದುಗರೂ ಬದಲಾಗಿದ್ದರು, ಬರಹವೂ ಬದಲಾಗಿದ್ದಿತು.

ಗೋಷ್ಠಿಯ ಸೀಮೆ ಗಾಂಧಿ ಬಜಾರಿನಲ್ಲಿಯೂ ವಿಸ್ತಾರವಾಯಿತು. 1980ರಲ್ಲಿ ಪಿ. ಲಂಕೇಶರು ಇಂಗ್ಲಿಷ್ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಬಂದಿದ್ದವರು, ಜಾಹೀರಾತಿಲ್ಲದೆ ನಡೆಯುವ ‘ಲಂಕೇಶ್ ಪತ್ರಿಕೆ’ಯನ್ನು ಬಸವನಗುಡಿಯ ಈ ಪರಿಸರದಿಂದಲೇ ನಡೆಸಿದರು. ಶಿವಮೊಗ್ಗೆಯ ಸೀಮೆಯ ಹಳ್ಳಿಯಿಂದ ಬಂದ ಅವರ ಪತ್ರಿಕೆಯಲ್ಲಿ ಕಾಫಿ ಕ್ಲಬ್ಬುಗಳ ಹಳೆಯ ಕಾಲದಲ್ಲಿ ಬಾಗಿಲ ಹೊರಗೆ ನಿಂತಿದ್ದವರ ಮಾತು, ಆ ಮಾತಿನ ಒರಟೂ ನಗೆಯೂ ಸೇರಿದಂತೆ, ಅಚ್ಚಿಗೆ ಬಂದಿತು. ಅದರ ಭಾಷೆಯನ್ನು ಮೆಚ್ಚದವರಿಗೆ ಕೊರತೆಯಿರಲಿಲ್ಲ. ಕೆಲವೆಡೆ ಆ ಅಸಮಾಧಾನಕ್ಕೆ ಕಾರಣವೂ ಇದ್ದಿತು. ಆದರೆ ಮೆಚ್ಚದವರೂ ವಾರವಾರವೂ ಕೊಂಡು ಓದಿದರು.

ವಿಶ್ವೇಶ್ವರಪುರದಲ್ಲಿ ಈಗ ಸಜ್ಜನರಾಯರ ವೃತ್ತದ ಬಳಿಯ ತಿಂಡಿಬೀದಿಯು ಊರಿಗೆಲ್ಲ ಪ್ರಸಿದ್ಧ. ಅಲ್ಲಿಯ ವಿ.ಬಿ. ಬೇಕರಿಯು 1953ರಿಂದ ನಡೆದುಬಂದಿದೆ. ಸಂಜೆ ದೀಪ ಹತ್ತಿದ ಮೇಲೆ ಬೀದಿಯಲ್ಲಿ ಕುಳಿತುಕೊಳ್ಳುವುದಕ್ಕೆ ಸ್ಥಳವಿಲ್ಲ. ಎಲ್ಲರೂ ನಿಂತೇ ತಿನ್ನುತ್ತಾರೆ, ಎಲೆಯ ತುಂಡು ಅಥವಾ ಕಾಗದದ ತಟ್ಟೆಯನ್ನು ಕೈಯಲ್ಲಿ ಹಿಡಿದು. ನೆರೆಯ ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಣರ ಕಾಫಿ ಬಾರ್ ಎಂಬಲ್ಲಿಯೂ ನಿಂತೇ ತಿನ್ನುವ ಪದ್ಧತಿ. ಹೆಸರು ಹಳೆಯ ಹಲಗೆಯದು. ಮುಂದಿನ ಕಾಲುದಾರಿಯಲ್ಲಿ ಇಡ್ಲಿಯ ತಟ್ಟೆ ಹಿಡಿದು ನಿಂತವರಲ್ಲಿ ಯಾರು ಯಾವ ಕುಲವೆಂದು ಕೇಳುವವರಿಲ್ಲ, ಚಟ್ನಿಯನ್ನು ಎರಡನೆಯ ಸಲ ಹಾಕುವವನಂತೂ ಕೇಳುವುದಿಲ್ಲ.